ಕಂಡುದನ್ನು ಕಂಡಂತೆ ಬರೆಯುವುದು

ಗಂಡುಮಗು ಹುಟ್ಟಿತೆಂಬ ಸಂತೋಷದ ನಡುವೆ, ಅದರ ಗುಹ್ಯಾಂಗದಲ್ಲಿ ಏನೋ ಊನವಿದೆಯೆಂದು ವೈದ್ಯರು ತಿಳಿಸಿದರೆ, ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು “ಯಾರಿಗೂ ಹೇಳಬೇಡಿ” ಎಂಬುದು. ಈ ಮಾತಿನಲ್ಲಿ ಮಮತೆಯೂ ಉಂಟು, ಮನೆತನದ ಮಾನದ ಚಿಂತೆಯೂ ಉಂಟು. ಊರವರಿಗೆ ಹೇಳಬೇಕಾದುದೇನೂ ಇಲ್ಲ. ಅದು ಮಗುವಿನ ಗುಟ್ಟು. ಆದರೆ ವೈದ್ಯರಿಗೆ ಮತ್ತೆ ತೋರಿಸದೆ, ಕಾಗದದಲ್ಲಿ ಬರೆಯಿಸದೆ, ಕಡೆಗೆ ಬೆಳೆದ ಮಗನಿಗೂ ತಿಳಿಸದೆ ಇದ್ದರೆ, ಲಜ್ಜೆಯು ವಂಚನೆಯ ನೆರೆಗೆ ಬಂದುಬಿಡುತ್ತದೆ.

ಇಂತಹ ಊನಗಳು ಅತಿ ವಿರಳವೆಂದು ತಿಳಿಯಬಾರದು. ವೃಷಣಗಳು ಗರ್ಭದಲ್ಲಿ ಮೂತ್ರಪಿಂಡಗಳ ಬಳಿ ರೂಪುಗೊಂಡು, ಕಡೆಯ ತಿಂಗಳುಗಳಲ್ಲಿ ಚೀಲಕ್ಕೆ ಇಳಿಯತಕ್ಕವು. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿಯೂ ನೂರಕ್ಕೆ ಸುಮಾರು 3 ಮಂದಿಗೆ ಒಂದಾದರೂ ನಡುದಾರಿಯಲ್ಲೇ ನಿಂತಿರುತ್ತದೆ. ಮೂತ್ರರಂಧ್ರವು ಶಿಶ್ನದ ತುದಿಯಲ್ಲಿರದೆ ಕೆಳಮೈಯಲ್ಲಿ ತೆರೆದಿರುವ ಹೈಪೋಸ್ಪೇಡಿಯಸ್ ಎಂಬುದು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಗ್ರಹಣವನ್ನಾಗಲಿ ತಾಯಿಯ ನಡತೆಯನ್ನಾಗಲಿ ಇದಕ್ಕೆ ಕಾರಣವೆನ್ನುವುದು ಬಾಣಂತಿಯನ್ನು ನೋಯಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾರದು.

ವೈದ್ಯರ ಬರವಣಿಗೆಗೂ ಒಂದು ಧರ್ಮವಿದೆ. ಬೆಚ್ಚನೆಯ ಕೋಣೆಯಲ್ಲಿ, ಬೆಚ್ಚಗಿನ ಕೈಯಿಂದ, ಅವಸರವಿಲ್ಲದೆ ಪರೀಕ್ಷಿಸಬೇಕು. ತಣ್ಣನೆಯ ಕೈ ಸೋಕಿದರೆ ಸರಿಯಾಗಿ ಇಳಿದ ವೃಷಣವೂ ಮೇಲಕ್ಕೆ ಸರಿದು, ಇಲ್ಲದ ಊನ ಇದ್ದಂತೆ ತೋರೀತು. ಕೈಗೆ ಸಿಗದಿದ್ದರೆ “ಕೈಗೆ ಸಿಗಲಿಲ್ಲ” ಎಂದೇ ಬರೆಯಬೇಕು. “ಇಲ್ಲ” ಎಂದು ಬರೆದರೆ ಅದು ನೋಟವಲ್ಲ, ತೀರ್ಪು. ಹೊಟ್ಟೆಯೊಳಗೆ ಉಳಿದಿರಬಹುದಾದ ವೃಷಣವನ್ನು ಮುಂದೆ ಹುಡುಕುವವರೇ ಇಲ್ಲದಂತಾಗುತ್ತದೆ. ಬಟ್ಟೆ ಸರಿಸಿ ನೋಡದೆಯೇ “ಎಲ್ಲ ಸರಿಯಾಗಿದೆ” ಎಂದು ಬರೆಯುವುದಂತೂ ಬರಿಯ ಸುಳ್ಳು. ರಂಧ್ರ ಎಲ್ಲಿದೆ, ಶಿಶ್ನ ಬಾಗಿದೆಯೇ, ಮುಂದೊಗಲು ಹೇಗಿದೆ, ಎರಡು ವೃಷಣಗಳೂ ಎಲ್ಲೆಲ್ಲಿವೆ ಎಂಬಿಷ್ಟನ್ನು ಕಂಡಂತೆ ಬರೆದರೆ ಮುಂದಿನ ವೈದ್ಯರಿಗೆ ದಾರಿ ತಿಳಿಯುತ್ತದೆ. ಛಾಯಾಚಿತ್ರ ಬೇಕಾದರೆ ತಂದೆತಾಯಿಗಳ ಒಪ್ಪಿಗೆ ಪಡೆಯಬೇಕು, ಮುಖ ಕಾಣಿಸಬಾರದು. ವಿದ್ಯಾರ್ಥಿಗಳ ಗುಂಪಿನೆದುರು ಮಗುವನ್ನು ಪದೇ ಪದೇ ಬಿಚ್ಚಿಡುವ ವೈದ್ಯರು ಲಜ್ಜೆಯ ಬೆಲೆಯನ್ನು ಮನೆಯ ಹಿರಿಯರಿಂದ ಕಲಿಯಬಹುದು.

ಮೌನವು ಜೀವವನ್ನೇ ಕಳೆಯುವ ಸಂದರ್ಭವೂ ಇದೆ. ರಂಧ್ರ ಕೆಳಗಿದ್ದು ವೃಷಣಗಳು ಕೈಗೆ ಸಿಗದಿದ್ದಾಗ, ಗಂಡೆಂದು ಒಡನೆ ಸಾರಬಾರದು. ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದ ಗಂಡಿನಂತೆ ಕಾಣುವ ಹೆಣ್ಣುಮಗುವೂ ಅದಾಗಿರಬಹುದು. ಆ ದೋಷದ ತೀವ್ರ ರೂಪದಲ್ಲಿ ದೇಹದ ಉಪ್ಪು ಸೋರಿಹೋಗಿ, ಮೊದಲ ಎರಡು ಮೂರು ವಾರಗಳೊಳಗೆ ಮಗು ಸಾಯಬಹುದು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಔಷಧದಿಂದ ಬದುಕುತ್ತದೆ. ನಾಮಕರಣ ಕೆಲವು ದಿನ ತಡವಾದರೆ ನಷ್ಟವೇನು?

ಇಳಿಯದ ವೃಷಣವು ಆರು ತಿಂಗಳವರೆಗೆ ತಾನಾಗಿಯೇ ಇಳಿಯಬಹುದು. ಆ ಮೇಲೆ ಕಾಯುವುದು ವ್ಯರ್ಥ, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಾಗುವುದು ಒಳಿತು. ಹೈಪೋಸ್ಪೇಡಿಯಸ್ ಉಳ್ಳ ಮಗುವಿನ ಮುಂದೊಗಲನ್ನು ಮೊದಲೇ ಕತ್ತರಿಸಬಾರದು, ಸರಿಪಡಿಸುವಾಗ ಆ ಚರ್ಮವೇ ಬೇಕಾದೀತು. ಆದರೆ ಸಣ್ಣ ಊನಗಳೆಲ್ಲಕ್ಕೂ ಶಸ್ತ್ರವೇ ಮದ್ದಲ್ಲ. ಮೂತ್ರಧಾರೆ ನೇರವಾಗಿದ್ದರೆ, ಬಾಗು ಇಲ್ಲದಿದ್ದರೆ, ಕೇವಲ ರೂಪಕ್ಕಾಗಿ ಕೊಯ್ಯುವ ಮುನ್ನ ಆ ದೇಹ ಯಾರದೆಂದು ಯೋಚಿಸಬೇಕಾಗುತ್ತದೆ.

ಆ ದೇಹದ ಒಡೆಯನು ಮುಂದೊಂದು ದಿನ ಯುವಕನಾಗುತ್ತಾನೆ. ವೃಷಣವನ್ನು ಕೆಳಗಿಳಿಸಿದ ಬಳಿಕವೂ ಅದರಲ್ಲಿ ಅರ್ಬುದ ಹುಟ್ಟುವ ಸಂಭವ ಇತರರಿಗಿಂತ ತುಸು ಹೆಚ್ಚೇ ಇರುತ್ತದೆ. ಹರೆಯಕ್ಕೆ ಬಂದಾಗ ಗಂಟೇನಾದರೂ ಇದೆಯೇ ಎಂದು ತಾನೇ ಮುಟ್ಟಿ ನೋಡಿಕೊಳ್ಳುವುದನ್ನು ಅವನಿಗೆ ಕಲಿಸಬೇಕು. ತೊಡೆಸಂದಿನ ಗಾಯದ ಗುರುತು ಯಾತರದೆಂದು ತಿಳಿಯದವನಿಗೆ ಅದನ್ನು ಕಲಿಸುವ ಬಗೆ ಹೇಗೆ? ಶೈಶವದಲ್ಲಿ ಬರೆಯಿಸಿದ ಕಾಗದವನ್ನು ತಾಯಿ ಪೆಟ್ಟಿಗೆಯಲ್ಲಿ ಕಾದಿಟ್ಟು ಅವನ ಕೈಗೆ ಕೊಟ್ಟರೆ, ಹೇಳಲು ನಾಚುವ ಮಾತಿನ ಮುಕ್ಕಾಲು ಭಾಗವನ್ನು ಆ ಕಾಗದವೇ ಹೇಳುತ್ತದೆ.