ರಾತ್ರಿಯು ಯಾರದು?

ರಾತ್ರಿಯಲ್ಲಿ ದುಡಿಯುವದು ದೇವರ ಚಿತ್ತಕ್ಕೆ ಒಪ್ಪಿದ್ದೋ ಅಲ್ಲವೋ ಎಂಬ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ ಏಳುವದುಂಟು. ದೇವರು ರಾತ್ರಿಯನ್ನು ನಿದ್ರೆಗಾಗಿಯೇ ಉಂಟುಮಾಡಿದನು, ಆದದರಿಂದ ದೀಪ ಹಚ್ಚಿ ದುಡಿಯುವವನು ದೇವರ ನೇಮವನ್ನು ಮೀರುತ್ತಾನೆಂದು ಕೆಲವರು ಹೇಳುತ್ತಾರೆ. ನಿದ್ರೆಯೆಂಬದು ಸೋಮಾರಿಯ ಗೆಳೆಯನು, ಬಡತನವನ್ನು ನೀಗಬೇಕಾದವನು ರಾತ್ರಿಯನ್ನೂ ಬಿಡಬಾರದೆಂದು ಬೇರೆ ಕೆಲವರು ವಾದಿಸುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದು ಸರಿ? ಸತ್ಯವೇದವು ಏನು ಕಲಿಸುತ್ತದೆಂಬದನ್ನು ನಾವು ಶಾಂತಮನಸ್ಸಿನಿಂದ ವಿಚಾರಿಸೋಣ.

ಮೊದಲು ಆದಿಕಾಂಡವನ್ನು ನೋಡುವಾ. ದೇವರು ಬೆಳಕಿಗೆ ಹಗಲೆಂದು ಹೆಸರಿಟ್ಟಂತೆ ಕತ್ತಲೆಗೂ ತಾನೇ ರಾತ್ರಿಯೆಂದು ಹೆಸರಿಟ್ಟನು. ಹಾಗಾದರೆ ರಾತ್ರಿಯು ದೆವ್ವಗಳ ಕಾಲವಲ್ಲ. ಅದು ಹಗಲಿನಂತೆಯೇ ದೇವರ ಸ್ವತ್ತಾಗಿದೆ. ಇದಲ್ಲದೆ ಆ ಅಧ್ಯಾಯದಲ್ಲಿ ಪ್ರತಿಯೊಂದು ದಿನದ ಲೆಕ್ಕದಲ್ಲಿ ಸಂಜೆಯು ಮೊದಲು ಬರುತ್ತದೆ, ಬೆಳಗು ಆಮೇಲೆ ಬರುತ್ತದೆ. ಯೆಹೂದ್ಯರು ಇಂದಿನ ವರೆಗೂ ತಮ್ಮ ಸಬ್ಬತ್ತನ್ನು ಸೂರ್ಯಾಸ್ತಮಾನದಿಂದಲೇ ಆರಂಭಿಸುತ್ತಾರೆ. ನಾವು ದುಡಿದು ದಣಿದ ಮೇಲೆ ವಿಶ್ರಾಂತಿಯು ಕೂಲಿಯಂತೆ ದೊರಕುವದೆಂದು ನೆನಸುತ್ತೇವೆ. ಆ ಲೆಕ್ಕದ ಪ್ರಕಾರವಾದರೋ ವಿಶ್ರಾಂತಿಯು ಮೊದಲು, ದುಡಿಮೆಯು ಆ ಮೇಲೆ. ನಾವು ಕೈಯಾಡಿಸುವದಕ್ಕೆ ಮುಂಚೆಯೇ ದೇವರು ಕೊಟ್ಟಿರುವ ಉಚಿತ ದಾನವು ಅದು.

ನೂರನಾಲ್ಕನೆಯ ಕೀರ್ತನೆಯಲ್ಲಿ ದೇವರು ಕಾಡುಮೃಗಗಳಿಗೆ ರಾತ್ರಿಯನ್ನೂ ಮನುಷ್ಯನಿಗೆ ಬೆಳಗಿನಿಂದ ಸಂಜೆಯ ವರೆಗಿನ ದುಡಿಮೆಯನ್ನೂ ಹಂಚಿಕೊಟ್ಟ ವಿವರವಿದೆ. ನೂರಿಪ್ಪತ್ತೇಳನೆಯ ಕೀರ್ತನೆಯಾದರೋ ನಸುಕಿನಲ್ಲೆದ್ದು ಹೊತ್ತುಮೀರಿ ಎಚ್ಚತ್ತು ಚಿಂತೆಯಿಂದ ಉಣ್ಣುವವನ ಪ್ರಯಾಸವು ವ್ಯರ್ಥವೆಂದು ಎಚ್ಚರಿಸುತ್ತದೆ. ಕರ್ತನು ಹೇಳಿದ ಸಾಮ್ಯವೊಂದು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಉಂಟು. ಒಕ್ಕಲಿಗನು ಬೀಜವನ್ನು ಬಿತ್ತಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜವು ಬೆಳೆಯುವ ಬಗೆಯನ್ನು ಅವನು ಅರಿಯನು. ರಾಗಿಯನ್ನು ಬಿತ್ತಿದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ರಾತ್ರಿಯೆಲ್ಲಾ ಹೊಲದ ಬದುವಿನ ಮೇಲೆ ಕೂತು ನೋಡಿದರೂ ಮೊಳಕೆಯು ಒಂದು ಗಳಿಗೆ ಮುಂಚಿತವಾಗಿ ಬಾರದು. ಆದದರಿಂದ ನಿದ್ರೆಯು ಸೋಮಾರಿತನವಲ್ಲ; ಮಿಕ್ಕ ಕೆಲಸವನ್ನು ದೇವರ ಕೈಗೆ ಒಪ್ಪಿಸಿ ಮಲಗುವವನ ನಿದ್ರೆಯು ನಂಬಿಕೆಯ ಕ್ರಿಯೆಯೇ ಆಗಿದೆ.

ಆದರೆ ರಾತ್ರಿಯಲ್ಲಿ ದುಡಿದವರನ್ನು ಸತ್ಯವೇದವು ದೂಷಿಸುತ್ತದೋ? ಇಲ್ಲ. ಬೇತ್ಲೆಹೇಮಿನ ಕುರುಬರು ರಾತ್ರಿಯಲ್ಲಿ ಮಂದೆಯನ್ನು ಕಾಯುತ್ತಿದ್ದಾಗಲೇ ಶುಭವಾರ್ತೆಯು ಅವರಿಗೆ ಮೊದಲು ತಿಳಿಸಲ್ಪಟ್ಟಿತು. ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರು ಹಗಲು ಕಟ್ಟಿ ರಾತ್ರಿ ಕಾವಲಿದ್ದರು. ಅಪೊಸ್ತಲನಾದ ಪೌಲನು ತಾನು ಥೆಸಲೊನೀಕದಲ್ಲಿ ಹಗಲಿರುಳು ಕೈಕೆಲಸ ಮಾಡಿದ್ದನ್ನು ಸಭೆಯವರಿಗೆ ಜ್ಞಾಪಕಪಡಿಸುತ್ತಾನೆ. ಹಾಗಾದರೆ ರಾತ್ರಿಯ ದುಡಿಮೆಯೆಲ್ಲಾ ಪಾಪವೆಂಬ ಮಾತು ನಿಲ್ಲಲಾರದು. ಆದರೂ ಪೌಲನು ಕೊಡುವ ಕಾರಣವನ್ನು ಗಮನಿಸಿರಿ: ಬೇರೆ ಯಾರಿಗೂ ಭಾರವಾಗಬಾರದೆಂದು ಅವನು ಹಾಗೆ ದುಡಿದನು. ಅವನು ಬೇರೊಬ್ಬರ ನಿದ್ರೆಯನ್ನು ಕೆಡಿಸಲಿಲ್ಲ, ತನ್ನದನ್ನೇ ಬಿಟ್ಟುಕೊಟ್ಟನು.

ಪ್ರಶ್ನೆಯ ಗಂಟು ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಸೂರ್ಯಾಸ್ತಮಾನವು ಎರಡು ವಿಷಯಗಳಲ್ಲಿ ಗಡುವಾಗಿ ಇಡಲ್ಪಟ್ಟಿದೆ. ಬಡವನ ಹೊದಿಕೆಯನ್ನು ಸಾಲಕ್ಕೆ ಒತ್ತೆಯಾಗಿ ತೆಗೆದುಕೊಂಡವನು ಹೊತ್ತು ಮುಳುಗುವಷ್ಟರಲ್ಲಿ ಅದನ್ನು ತಿರಿಗಿ ಕೊಡಬೇಕು. ಯಾಕಂದರೆ ಮಲಗುವಾಗ ಅವನಿಗೆ ಇರುವ ಹೊದಿಕೆಯು ಅದೊಂದೇ; ಅವನು ಮೊರೆಯಿಟ್ಟರೆ ದೇವರು ಕೇಳುವನು. ಹಾಗೆಯೇ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವದಕ್ಕೆ ಮುಂಚೆ ಕೊಟ್ಟುಬಿಡಬೇಕು. ಕರ್ತನ ಸಾಮ್ಯದಲ್ಲಿ ದ್ರಾಕ್ಷೇತೋಟದ ಯಜಮಾನನು ಸಂಜೆಯಾದಾಗ ಆಳುಗಳನ್ನು ಕರೆಯಿಸಿ ಕೂಲಿಯನ್ನು ಕೊಡಿಸಿದ್ದೂ ಈ ನೇಮಕ್ಕೆ ಸರಿಯಾಗಿಯೇ ಇದೆ. ಸಾಲಗಾರನ ಹಗಲಿನ ಮೇಲೆ ಸಾಹುಕಾರನಿಗೆ ಹಕ್ಕಿದ್ದರೂ ಇರಬಹುದು. ಅವನ ರಾತ್ರಿಯ ಮೇಲೆ ಇಲ್ಲ. ರಾತ್ರಿಯು ದೇವರು ಬಡವನಿಗೆ ಬರೆದುಕೊಟ್ಟ ಮಾನ್ಯವಾಗಿದೆ. ಐಗುಪ್ತದ ಫರೋಹನೋ ಬಿಡುವನ್ನು ಕೇಳಿದ ಜನರನ್ನು ಸೋಮಾರಿಗಳೆಂದು ಜರೆದು, ಹುಲ್ಲನ್ನು ಕೊಡದೆ ಇಟ್ಟಿಗೆಗಳ ಲೆಕ್ಕವನ್ನು ಮಾತ್ರ ಮೊದಲಿನಂತೆಯೇ ಇಟ್ಟನು. ದೇವರಿಗೂ ಫರೋಹನಿಗೂ ಇರುವ ಭೇದವನ್ನು ತಿಳಿಯಲು ಇದೊಂದೇ ಸಾಕು. ಆದದರಿಂದ ನಾವು ಹೀಗೆ ತೀರ್ಮಾನಿಸುತ್ತೇವೆ: ತನ್ನ ರಾತ್ರಿಯನ್ನು ಪರರಿಗಾಗಿ ಕೊಡುವದು ಪ್ರೀತಿ, ಪರರ ರಾತ್ರಿಯನ್ನು ತನ್ನ ಲಾಭಕ್ಕಾಗಿ ತೆಗೆದುಕೊಳ್ಳುವದು ಕಳವು.

ಹಿಂದಿನ ಕಾಲದಲ್ಲಿ ಕತ್ತಲೆಯೇ ಬಡವನ ಕಾವಲುಗಾರನಾಗಿತ್ತು. ಕಣ್ಣು ಕಾಣದ ಹೊತ್ತಿನಲ್ಲಿ ಯಜಮಾನನು ಆಳಿನಿಂದ ಹೊಲದ ಕೆಲಸವನ್ನು ಮಾಡಿಸಿಕೊಳ್ಳಲಾರನು. ಈಗ ಆ ಕಾವಲು ಇಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ದೀಪವು ಒಳ್ಳೇದೇ. ರೋಗಿಯ ಬಳಿಯಲ್ಲಿ ಕೂತಿರುವ ದಾದಿಗೂ ಓದುವ ಮಗುವಿಗೂ ಅದು ಉಪಕಾರಿಯಾಗಿದೆ. ಆದರೆ ಅದೇ ದೀಪವು ದುಡಿಮೆಗೆ ಇದ್ದ ಮೇರೆಯನ್ನು ಅಳಿಸಿಬಿಟ್ಟಿತು. ಇದರ ಬೆಲೆಯನ್ನು ತೆರುವದು ಶರೀರವೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ರಾತ್ರಿ ಪಾಳಿಯ ಕೆಲಸವನ್ನು ಆ ರೋಗಕ್ಕೆ ಬಹುಶಃ ಕಾರಣವಾಗುವಂಥವುಗಳ ಸಾಲಿಗೆ ಸೇರಿಸಿತು. ಕತ್ತಲೆಯು ಕಾಯದಿರುವಾಗ ಮನಸ್ಸಾಕ್ಷಿಯು ಕಾಯಬೇಕು.

ಪ್ರಿಯ ವಾಚಕರೇ, ಈ ಮಾತನ್ನು ಪಟ್ಟಣದ ದೊಡ್ಡ ಯಜಮಾನರ ಮೇಲೆ ಮಾತ್ರ ಹೊರಿಸಿ ನಾವು ತಪ್ಪಿಸಿಕೊಳ್ಳಬಾರದು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗಿ ಎಲ್ಲರಿಗಿಂತ ಮುಂಚೆ ಏಳುವವರು ಯಾರು? ಪಾತ್ರೆ ತೊಳೆದು, ಹಿಟ್ಟು ಕಲಸಿಟ್ಟು, ಅತ್ತೆಯ ಕಾಲೊತ್ತಿ, ಮಗುವನ್ನು ಮಲಗಿಸಿದ ಮೇಲೆ ಮಲಗುವ ಸೊಸೆಯಲ್ಲವೇ? ಜ್ಞಾನೋಕ್ತಿಗಳ ಕಡೇ ಅಧ್ಯಾಯದ ಗುಣವತಿಯ ದೀಪವು ರಾತ್ರಿಯಲ್ಲಿ ಆರುವದಿಲ್ಲವೆಂದು ತೋರಿಸಿ ಅವಳ ಬಾಯನ್ನು ಮುಚ್ಚಿಸುವವರು ಉಂಟು. ಆ ಗುಣವತಿಯು ತನ್ನ ಮನಸ್ಸಿನಿಂದಲೇ ಎಚ್ಚತ್ತಿದ್ದಳು. ಗಂಡನೂ ಮಕ್ಕಳೂ ಅವಳನ್ನು ಹೊಗಳಿದರು. ನಮ್ಮ ಮನೆಯಲ್ಲಿ ಹೊಗಳಿಕೆಯೂ ಇಲ್ಲ, ಕೈಗೆ ಕೈ ಕೊಡುವವರೂ ಇಲ್ಲ. ಹಾಗೆಯೇ ಸಂಜೆಗೆ ಕೂಲಿ ಕೊಡದೆ ನಾಳೆ ಬಾ ಎನ್ನುವವನು ಕೂಲಿಯವನ ಹೊದಿಕೆಯನ್ನೇ ಎಳೆದುಕೊಂಡಂತಾಗುತ್ತದೆ; ಹಿಟ್ಟಿಲ್ಲದ ಮನೆಯಲ್ಲಿ ನಿದ್ರೆಯೂ ಇರದು.

ಇನ್ನು ರಾತ್ರಿಯಲ್ಲಿ ದುಡಿಯಲೇ ಬೇಕಾದವರ ಮಾತು. ಪಂಪಿಗೆ ವಿದ್ಯುತ್ತು ನಡುರಾತ್ರಿಯಲ್ಲಿ ಬಂದರೆ ಒಕ್ಕಲಿಗನು ಟಾರ್ಚು ಹಿಡಿದು, ಹಾವಿನ ಭಯದಲ್ಲಿಯೇ ನೀರು ಕಟ್ಟಲು ಹೋಗುತ್ತಾನೆ. ಹಂದಿಯ ಕಾಟವಿರುವಲ್ಲಿ ಅಟ್ಟಣೆಯ ಮೇಲೆ ಕಾವಲಿರುತ್ತಾನೆ. ಆಲೆಮನೆಯ ಒಲೆಯು ರಾತ್ರಿಯೂ ಉರಿಯುತ್ತದೆ. ಇವರು ಭಾನುವಾರದ ಆರಾಧನೆಯಲ್ಲಿ ತೂಕಡಿಸಿದರೆ ಸಭೆಯವರು ನಗಬಾರದು, ಹಿರಿಯರು ಗದರಿಸಬಾರದು. ಜೂರೆಯ ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತನು ಬೈಯಲಿಲ್ಲ; ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮತ್ತೆ ಮಲಗಗೊಡಿಸಿದನು. ರಾತ್ರಿ ದುಡಿದವನಿಗೆ ಹಗಲಿನಲ್ಲಿ ನಿಶ್ಶಬ್ದವನ್ನು ಉಂಟುಮಾಡಿ, ಅವನ ಒಂದು ಸರದಿಯನ್ನು ನೆರೆಯವನು ಹೊತ್ತುಕೊಳ್ಳುವದು ಕ್ರೈಸ್ತ ಧರ್ಮವು.

ಬಿರುಗಾಳಿಯಲ್ಲಿಯೂ ನಮ್ಮ ಕರ್ತನು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ರೆ ಮಾಡಿದನು. ಬೇರೊಂದು ಸಾರಿ ಬೆಟ್ಟದ ಮೇಲೆ ರಾತ್ರಿಯೆಲ್ಲಾ ಪ್ರಾರ್ಥಿಸಿದನು. ಮಲಗುವದರಲ್ಲಿ ತಂದೆಯನ್ನು ನಂಬಿದನು, ಎಚ್ಚತ್ತಿರುವದರಲ್ಲಿ ತನ್ನನ್ನೇ ಕೊಟ್ಟನು. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವದಿಲ್ಲವಾದದರಿಂದ ನಾವು ತೂಕಡಿಸಬಹುದು. ಈ ರಾತ್ರಿ ದೀಪವನ್ನು ಆರಿಸುವದಕ್ಕೆ ಮುಂಚೆ, ನಮ್ಮ ದೆಸೆಯಿಂದ ಇನ್ನೂ ಎಚ್ಚತ್ತಿರುವವರು ಯಾರಾದರೂ ಇದ್ದಾರೋ ಎಂದು ವಿಚಾರಿಸೋಣ. ಇದ್ದರೆ ಮೊದಲು ಅವರ ಕೈಯಿಂದ ಕೆಲಸವನ್ನು ತೆಗೆದುಕೊಳ್ಳೋಣ. ಆ ಮೇಲೆ ಪ್ರಾರ್ಥಿಸಿ ಮಲಗೋಣ.