ಪ್ರತಿಯೂ ಅಪ್ಪಣೆಯೂ

ಅಚೌರ್ಯಾಣುವ್ರತವನ್ನು ಕೈಗೊಂಡ ಶ್ರಾವಕನಿಗೆ ಪರರ ಪೆಟ್ಟಿಗೆಯನ್ನು ಮುಟ್ಟದಿರುವುದು ಕಷ್ಟವಲ್ಲ. ತೆಗೆದುಕೊಂಡರೂ ಒಡೆಯನಲ್ಲಿ ಏನೂ ಕಡಿಮೆಯಾಗದ ವಸ್ತುವಿನಲ್ಲಿಯೇ ವ್ರತದ ಪರೀಕ್ಷೆ. ಕೊಡದುದನ್ನು ತೆಗೆದುಕೊಳ್ಳುವುದು ಕಳವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನಿರ್ಣಯಿಸುತ್ತದೆ. ಅಲ್ಲಿ ನಷ್ಟದ ಮಾತಿಲ್ಲ. ಕೊಟ್ಟದ್ದೇ, ಕೊಡದುದೇ ಎಂಬುದೇ ಪ್ರಶ್ನೆ.

ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಅಡಕೆ ತೋಟಗಳ ಊರಿನಲ್ಲಿ ಕುಳಿತೂ ಇಂದು ದೂರದ ಕಂಪನಿಯ ಕಂಪ್ಯೂಟರುಗಳನ್ನು ನಡೆಸಬಹುದು. ಆ ಕಂಪ್ಯೂಟರು ಮುಂಬಯಿಯ ಅಥವಾ ಹೈದರಾಬಾದಿನ ಕ್ಲೌಡ್ ಕೇಂದ್ರದಲ್ಲಿ ಬಾಡಿಗೆಗೆ ಪಡೆದ, ದೊಡ್ಡ ಯಂತ್ರದೊಳಗಿನ ಒಂದು ಪಾಲು. ಅದಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ಅದರ ಡಿಸ್ಕಿನಲ್ಲಿರುವುದೆಲ್ಲವನ್ನೂ ಇಮೇಜ್ ಎಂಬ ಪಡಿಯಚ್ಚಾಗಿ ತೆಗೆದಿಟ್ಟರೆ, ಮೂಲವು ಕೆಟ್ಟಾಗ ಅಂಥದೇ ಯಂತ್ರವನ್ನು ಕೆಲವು ನಿಮಿಷಗಳಲ್ಲಿ ಎಬ್ಬಿಸಬಹುದು. ಒಂದನ್ನಷ್ಟೇ ಅಲ್ಲ, ಹತ್ತನ್ನೂ. ವಿಂಡೋಸ್, ಎಸ್‌ಕ್ಯೂಎಲ್ ಸರ್ವರ್ ಮೊದಲಾದ ತಂತ್ರಾಂಶಗಳು ಇಮೇಜಿನೊಡನೆ ಬರುತ್ತವೆ. ಅವುಗಳ ಪರವಾನಗಿಯೂ ಬರುತ್ತದೆಯೇ?

ತಂತ್ರಾಂಶದ ಶುಲ್ಕವು ಯಂತ್ರದ ಬಾಡಿಗೆಯಲ್ಲಿಯೇ ಸೇರಿದ್ದರೆ, ಇಮೇಜಿಗೆ ಅಂಟಿದ ಗುರುತಿನಿಂದ ಹೊಸ ಯಂತ್ರಕ್ಕೂ ಲೆಕ್ಕ ಬೀಳುತ್ತದೆ. ಆದರೆ ಬರಿಯ ಡಿಸ್ಕಿನ ನಕಲಿನಿಂದ ಯಂತ್ರವನ್ನು ಕಟ್ಟಿದಾಗ ಆ ಗುರುತು ಕಳಚಿಹೋಗುವುದುಂಟು. ಆಗ ಯಂತ್ರವು ಓಡುತ್ತದೆ, ಶುಲ್ಕವು ಬೀಳುವುದಿಲ್ಲ. ಕೊಂಡವನು ತನ್ನದೇ ಪರವಾನಗಿಯನ್ನು ತಂದಿದ್ದರೆ ಅದು ಇಷ್ಟು ಯಂತ್ರ, ಇಷ್ಟು ಪ್ರೊಸೆಸರ್ ಎಂಬ ಎಣಿಕೆಗೆ ಒಳಪಟ್ಟಿರುತ್ತದೆ. ಪ್ರತಿಗಳು ಹೆಚ್ಚಿದ ಮಾತ್ರಕ್ಕೆ ಆ ಎಣಿಕೆ ಹೆಚ್ಚದು.

ಕೇಳುವವರೇ ಇಲ್ಲದಿರುವಾಗ ದೋಷವೆಲ್ಲಿ ಎನ್ನಬಹುದು. ನೆರೆಯವರ ತೋಟದಿಂದ ಮೆಣಸಿನ ಬಳ್ಳಿಯ ತುಂಡನ್ನು ತಂದರೆ ತಾಯಿಬಳ್ಳಿಗೆ ಕುಂದಿಲ್ಲ; ಆದರೂ ಮರ್ಯಾದಸ್ಥನು ಕೇಳದೆ ತರುವುದಿಲ್ಲ. ಒಡೆಯನು ಮರೆತುದನ್ನು ತಾನೂ ತೆಗೆದುಕೊಳ್ಳಬಾರದು, ಪರರಿಗೂ ಕೊಡಬಾರದು ಎಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರ ನಿಲುವು. ‘ಲಾಭವು ಕಂಪನಿಗೆ, ನನಗಲ್ಲ’ ಎನ್ನುವ ನೌಕರನಿಗೆ ಇದರ ಎರಡನೆಯ ಭಾಗವೇ ಉತ್ತರ.

ಪ್ರತಿಮಾಡುವುದು ಜೈನರಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಅದು ಶಾಸ್ತ್ರದಾನ. ಮೂಡುಬಿದಿರೆಯ ಧವಲಾ ತಾಳೆಗರಿಗಳ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಗಾಗಿಯೇ ಅವುಗಳ ಪ್ರತಿಮಾಡುವ ಕಾರ್ಯವು ಆರಂಭವಾದಾಗ, ಇನ್ನೊಂದು ಪ್ರತಿಯು ಗುಟ್ಟಾಗಿ ಸಿದ್ಧವಾಗಿ ಹೊರಗೆ ಹೋಯಿತು. ಅದರ ಪರಂಪರೆಯ ಪ್ರತಿಗಳಿಂದಲೇ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮುದ್ರಣವು ಮೊದಲಾಯಿತು. ಲೋಕಕ್ಕೆ ಮಹೋಪಕಾರವಾಯಿತೆಂಬುದು ನಿಜ. ಅಪ್ಪಣೆಯಿಲ್ಲದೆ ಆಯಿತೆಂಬುದೂ ನಿಜ. ಆಗಮದ ಉದ್ಧಾರದಲ್ಲಿಯೂ ಈ ಸಂಕೋಚವು ಉಳಿಯುವುದಾದರೆ, ಬರಿಯ ಶುಲ್ಕದ ಉಳಿತಾಯಕ್ಕೆ ಯಾವ ಸಮರ್ಥನೆಯಿದೆ?

ಹಾಗೆಂದು ಪ್ರತಿಯೆಲ್ಲವೂ ದೋಷವಲ್ಲ. ನ್ಯಾಯವಾಗಿ ಪಡೆದ ತಂತ್ರಾಂಶವು ನಾಶವಾದೀತೆಂದು ರಕ್ಷಣೆಗಾಗಿ ಪ್ರತಿಯನ್ನಿಡಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅವಕಾಶವೀಯುತ್ತದೆ. ಹಳೆಯ ಯಂತ್ರವು ಅಳಿದು ಹೊಸದು ಅದರ ಸ್ಥಾನದಲ್ಲಿ ನಿಂತರೆ, ಒಪ್ಪಂದದ ನಿಯಮವನ್ನು ನೋಡಿಕೊಂಡು ಮುಂದುವರಿಯಬಹುದು. ಹಳೆಯದೂ ಓಡುತ್ತ ಹೊಸದೂ ಓಡಿದರೆ ಬಳಕೆ ಎರಡಾಯಿತು. ಲಿನಕ್ಸಿನ ತಿರುಳಿನಂತೆ, ಪ್ರತಿಮಾಡಿ ಹಂಚಿರೆಂದು ಕರ್ತೃಗಳೇ ಷರತ್ತಿನೊಡನೆ ಬಿಟ್ಟುಕೊಟ್ಟ ತಂತ್ರಾಂಶವೂ ಉಂಟು. ಆ ಷರತ್ತನ್ನು ಪಾಲಿಸುವವನಿಗೆ ಅದು ಕೊಟ್ಟದ್ದೇ.

‘ತಿಳಿಯಲಿಲ್ಲ’ ಎಂಬ ಮಾತೂ ಪೂರ್ತಿ ಕಾಯದು. ಹಿಂಸೆಯ ಲಕ್ಷಣದಲ್ಲಿ ಹೇಳಿದ ಪ್ರಮಾದವನ್ನು ವ್ಯಾಖ್ಯಾನಕಾರರು ಕಳವಿಗೂ ಅನ್ವಯಿಸಿದ್ದಾರೆ. ನೋಡಬೇಕಾದುದನ್ನು ನೋಡದಿರುವುದೇ ಪ್ರಮಾದ. ಆದುದರಿಂದ ಇಮೇಜನ್ನು ತೆಗೆಯುವಾಗಲೇ ಅದರೊಳಗಿನ ತಂತ್ರಾಂಶ ಯಾವುದು, ಪರವಾನಗಿ ಯಾರದು, ಎಷ್ಟು ಯಂತ್ರಗಳಿಗೆ ಎಂಬುದನ್ನು ಬರೆದಿಡಬೇಕು. ಶುಲ್ಕವು ತಪ್ಪಿರುವುದು ಕಂಡರೆ ಯಜಮಾನನಿಗೆ ತಿಳಿಸಬೇಕು. ಆ ಮಾತು ಅವನಿಗೆ ರುಚಿಸದಿದ್ದರೂ ತಿಳಿಸಬೇಕು. ಪ್ರತಿಕ್ರಮಣದ ಹೊತ್ತಿನಲ್ಲಿ ದಿನದ ನಡೆಯನ್ನು ಎಣಿಸುವ ಶ್ರಾವಕನು ಓಡುತ್ತಿರುವ ಯಂತ್ರಗಳನ್ನೂ ಎಣಿಸಲಿ. ಯಂತ್ರವು ತಡೆಯಲಿಲ್ಲವೆಂಬುದು ಒಡೆಯನು ಕೊಟ್ಟನೆಂಬುದಕ್ಕೆ ಸಾಕ್ಷಿಯಲ್ಲ.