ಒಂದು ಜೀವಕ್ಕೆ ಎರಡು ಲಕ್ಷ ಡಾಲರ್

ಸ್ಪರ್ಧೆಯಿದ್ದರೆ ಸರಕು ಸೋವಿಯಾಗುತ್ತದೆ, ಬಡವನಿಗೂ ಕೈಗೆಟಕುತ್ತದೆ ಅಂತ ಶಾಲೆಯಲ್ಲಿ ಪಾಠ ಹೇಳ್ತೇವೆ. ಆ ಪಾಠದ ಪಕ್ಕ ಅಮೆರಿಕದ ಪಿಂಟೋ ಕಾರನ್ನಿಟ್ಟು ನೋಡಬೇಕು.

1960ರ ದಶಕದ ಕೊನೆಗೆ ಜರ್ಮನಿಯ ಬೀಟಲ್, ಜಪಾನಿನ ಸಣ್ಣ ಕಾರುಗಳು ಅಮೆರಿಕದ ಪೇಟೆಗೆ ನುಗ್ಗಿದ್ದವು. ಎದುರಿಸಲು ಫೋರ್ಡ್ ಕಂಪನಿಯ ಲೀ ಅಯಕೋಕ ಪಟ್ಟು ಹಿಡಿದ: ತೂಕ 2,000 ಪೌಂಡ್ ದಾಟಕೂಡದು, ಬೆಲೆ 2,000 ಡಾಲರ್ ದಾಟಕೂಡದು. ಅವಸರದಲ್ಲಿ ತಯಾರಾದ ಪಿಂಟೋ 1970ರಲ್ಲಿ ಪೇಟೆಗೆ ಬಂತು. ಪೆಟ್ರೋಲ್ ಟ್ಯಾಂಕ್ ಇದ್ದದ್ದು ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ. ಹಿಂದಿನಿಂದ ಗುದ್ದಿದರೆ ಸೋರುತ್ತಿತ್ತು. ಕಂಪನಿಗೆ ಇದು ತನ್ನದೇ ಪರೀಕ್ಷೆಗಳಿಂದ ಗೊತ್ತಿತ್ತು, ಅಲ್ಪ ಖರ್ಚಿನಲ್ಲಿ ಸರಿಪಡಿಸಬಹುದಿತ್ತು ಅಂತ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1981ರಲ್ಲಿ ಹೇಳಿತು.

ಇನ್ನು ಆ ಕುಖ್ಯಾತ ಲೆಕ್ಕ. 1973ರಲ್ಲಿ ಫೋರ್ಡ್ ಸರ್ಕಾರದ ಮುಂದಿಟ್ಟದ್ದು. ಪಿಂಟೋ ಒಂದರದ್ದಲ್ಲ, ಗಾಡಿ ಮಗುಚಿದಾಗ ಹತ್ತುವ ಬೆಂಕಿಯದು. 125 ಲಕ್ಷ ಕಾರು ಮತ್ತು ಸಣ್ಣ ಟ್ರಕ್ಕುಗಳದ್ದು. ಗಾಡಿಗೆ 11 ಡಾಲರಿನಂತೆ ಸುಧಾರಿಸಲು 13.7 ಕೋಟಿ. ಸುಧಾರಿಸದೆ ಬಿಟ್ಟರೆ 180 ಸಾವು, 180 ಸುಟ್ಟಗಾಯ, ಸುಟ್ಟುಹೋದ 2,100 ಗಾಡಿ: ಎಲ್ಲ ಸೇರಿ 4.95 ಕೋಟಿ. ಜೀವ ಉಳಿಸೋದು ನಷ್ಟದ ಬಾಬ್ತು!

ಜೀವಕ್ಕೆ 2 ಲಕ್ಷ ಡಾಲರ್ ಬೆಲೆ ಕಟ್ಟಿದ್ದು ಕಂಪನಿಯಲ್ಲ, ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆ. ಅದರ ಪಟ್ಟಿಯಲ್ಲಿ ಸಾಯುವವನ ನೋವು ಸಂಕಟಕ್ಕೆ 10,000. ಬಹುಪಾಲು ಮೊತ್ತ ಅವನು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದ ಅನ್ನೋದಕ್ಕೆ. ಜೀತಕ್ಕೆ ಆಳು ಇಟ್ಟುಕೊಳ್ಳುವ ಒಡೆಯನೂ ರಟ್ಟೆ ನೋಡಿಯೇ ಬೆಲೆ ಕಟ್ಟುತ್ತಿದ್ದ.

ಹಾಗಾದರೆ ಕೊಂದವರು ಯಾರು? ಎಂಜಿನಿಯರು ಮೇಲಿನವರನ್ನು ತೋರಿಸಬಹುದು, ಮೇಲಿನವರು ಜಪಾನಿನವರನ್ನು. ಕೊನೆಗೆ ಉಳಿಯೋದು ಸ್ಪರ್ಧೆ ಅನ್ನೋ ಮಾತು. ನಮ್ಮಲ್ಲಿ ಆ ಜಾಗದಲ್ಲಿ ಕರ್ಮ ಕೂತಿತ್ತು. ಹಸಿವಿಗೂ ಕರ್ಮವೇ ಕಾರಣ, ಕೇರಿಗೂ ಕರ್ಮವೇ ಕಾರಣ. ಮಾಡಿದವನು ಮಾತ್ರ ಯಾರೂ ಇಲ್ಲ. ಆದರೆ ಅದೇ ಫೋರ್ಡ್ ಯುರೋಪಿನಲ್ಲಿ ಮಾರುತ್ತಿದ್ದ ಕ್ಯಾಪ್ರಿಯ ಟ್ಯಾಂಕ್ ಅಚ್ಚಿನ ಮೇಲಿತ್ತು. ಅಂದರೆ ಬೇರೆ ದಾರಿ ಇತ್ತು, ಯಾರೋ ಬೇಡವೆಂದರು.

ಪಿಂಟೋ ಮಿಕ್ಕ ಸಣ್ಣ ಕಾರುಗಳಿಗಿಂತ ತೀರ ಕೆಟ್ಟದೇನಲ್ಲ ಅಂತ ವಾದಿಸುವ ವಿದ್ವಾಂಸರಿದ್ದಾರೆ. ಇರಬಹುದು. ಅದರಿಂದ ಅಪರಾಧ ನಾಲ್ಕು ಜನರಿಗೆ ಹಂಚಿಹೋಗುತ್ತದೆಯೇ ಹೊರತು ಕರಗೋದಿಲ್ಲ.

1978ರಲ್ಲಿ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಿತು. ಅದೇ ವರ್ಷ ಇಂಡಿಯಾನದಲ್ಲಿ ಮೂವರು ಹುಡುಗಿಯರು ಪಿಂಟೋದಲ್ಲಿ ಸುಟ್ಟು ಸತ್ತರು. ಕ್ರಿಮಿನಲ್ ಮೊಕದ್ದಮೆ ಹೂಡಿದ್ದು ಕಂಪನಿಯ ಮೇಲೆ, ಯಾವೊಬ್ಬ ಅಧಿಕಾರಿಯ ಮೇಲೂ ಅಲ್ಲ. 1980ರಲ್ಲಿ ಜ್ಯೂರಿ ಅದನ್ನೂ ನಿರ್ದೋಷಿ ಅಂತ ಬಿಟ್ಟಿತು.